ಮನೆ ಸೋಪು ಕುಯ್ಯಲು ಚಾಕು ಸಾಕಾ, ತಂತಿ ಬೇಕಾ?

ಪ್ರಶ್ನೆ: ಮನೆಯಲ್ಲೇ ತೆಂಗಿನೆಣ್ಣೆ ಸೋಪು ಮಾಡುತ್ತೇನೆ. ಅಚ್ಚಿನಿಂದ ಚೆನ್ನಾಗಿಯೇ ಬಿಡುತ್ತದೆ, ಕುಯ್ಯುವಾಗ ಎಲ್ಲ ಕೆಡುತ್ತದೆ. ಅಡುಗೆಮನೆ ಚಾಕು ಅರ್ಧ ಇಳಿದ ಮೇಲೆ ಕೆಳಗಿನ ಅರ್ಧ ಟಕ್ ಅಂತ ಸೀಳಿಹೋಗುತ್ತದೆ, ಮೂಲೆ ಉದುರುತ್ತದೆ. ಒಂದು ಬಾರ್ ದಪ್ಪ, ಇನ್ನೊಂದು ತೆಳು. ಆನ್‌ಲೈನ್‌ನಲ್ಲಿ ಹತ್ತು ತಂತಿಯ ಕಟರ್, ಅಲೆ ಅಲೆ ಅಂಚಿನ ಕಟರ್, ಸೀಳು ಇರುವ ಮರದ ಪೆಟ್ಟಿಗೆ ಎಲ್ಲ ಸಿಗುತ್ತವೆ. ಯಾವುದನ್ನು ತಗೊಳ್ಳಲಿ?

ಸದ್ಯಕ್ಕೆ ಏನನ್ನೂ ತಗೋಬೇಡಿ. ನೀವು ಹೊತ್ತು ಮೀರಿದ ಮೇಲೆ ಕುಯ್ಯುತ್ತಿದ್ದೀರಿ ಅಂತ ನನ್ನ ಅನುಮಾನ. ಹೊತ್ತು ಮೀರಿದ ತೆಂಗಿನೆಣ್ಣೆ ಸೋಪನ್ನು ಎಂಥ ದುಬಾರಿ ಕಟರ್ ತಂದು ಕುಯ್ದರೂ ಮುರಿಯುತ್ತದೆ, ತಂತಿಯ ಕಟರ್ ಆದರೆ ಕೆಲವು ಸಲ ತಂತಿಯೇ ತುಂಡಾಗುತ್ತದೆ. ಹಾಗಾಗಿ ಯಾವಾಗ ಕುಯ್ಯಬೇಕು ಅನ್ನೋದನ್ನು ಮೊದಲು ನೋಡೋಣ, ಯಾವುದರಲ್ಲಿ ಅನ್ನೋದು ಆಮೇಲೆ.

ಬರೀ ತೆಂಗಿನೆಣ್ಣೆಯಲ್ಲಿ ಮಾಡಿದ ಸೋಪಿನ ಸ್ವಭಾವವೇ ಬೇರೆ. ಈ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಸಿಡ್ ಇರುತ್ತದೆ, ಅದು ಕಾಸ್ಟಿಕ್ ಸೋಡಾ ಜೊತೆ ಸೇರಿದರೆ ಗಟ್ಟಿ ಸೋಪಾಗುತ್ತದೆ, ಅದೂ ಬೇಗ. ಅಚ್ಚಿಗೆ ಹಾಕಿದ ಮೇಲೆ ಒಳಗೆ ಬಿಸಿಯೇರಿ, ಗಟ್ಟಿಯಾಗಿ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಗಂಟೆಯೊಳಗೆ ಕುಯ್ಯುವ ಹದಕ್ಕೆ ಬರುತ್ತದೆ. ಮೈಸೂರು ಪಾಕ್ ತಟ್ಟೆಗೆ ಸುರಿದು ಬಿಸಿ ಇದ್ದಾಗಲೇ ಗೆರೆ ಹಾಕದೆ ಬಿಟ್ಟರೆ ಏನಾಗುತ್ತೆ ಗೊತ್ತಲ್ವಾ, ಇದೂ ಅದೇ ಜಾತಿ. ಬಹಳ ಜನ ರಾತ್ರಿ ಕೆಲಸ ಎಲ್ಲ ಮುಗಿಸಿ ಒಂಬತ್ತಕ್ಕೋ ಹತ್ತಕ್ಕೋ ಸೋಪು ಹಾಕಿ ಮಲಗುತ್ತಾರೆ, ಬೆಳಿಗ್ಗೆ ಕಾಫಿ, ತಿಂಡಿ, ಮಕ್ಕಳ ಬಸ್ಸು ಎಲ್ಲ ಆದ ಮೇಲೆ ಚಾಕು ಹಿಡಿಯುತ್ತಾರೆ. ಅಷ್ಟೊತ್ತಿಗೆ ಅದು ಕಲ್ಲು. ತೆಂಗಿನೆಣ್ಣೆ ಸೋಪನ್ನು ಬೆಳಿಗ್ಗೆ ಹಾಕಿ. ಮೂರು ಗಂಟೆ ಆದ ಮೇಲೆ ಆಗಾಗ ಮುಟ್ಟಿ ನೋಡುತ್ತಿರಿ. ಇನ್ನೂ ಬೆಚ್ಚಗೆ ಇರುವಾಗಲೇ ಕುಯ್ಯಿರಿ.

ಬೇರೆ ಎಣ್ಣೆಗಳಿಗೆ ಇಷ್ಟು ಆತುರ ಇಲ್ಲ. ತೆಂಗಿನೆಣ್ಣೆ ಕಾಲು ಭಾಗ, ಉಳಿದದ್ದು ಪಾಮ್, ಅಕ್ಕಿ ತೌಡಿನ ಎಣ್ಣೆ, ಸ್ವಲ್ಪ ಹರಳೆಣ್ಣೆ ಹೀಗೆ ಮಾಡಿದರೆ ಸುಮಾರು ಒಂದು ದಿನಕ್ಕೆ ಹದ ಬರುತ್ತದೆ, ಕೆಲವು ಸಲ ಎರಡು ದಿನ. ಬರೀ ಆಲಿವ್ ಎಣ್ಣೆಯದ್ದು ತೀರಾ ನಿಧಾನ, ಮೂರು ನಾಲ್ಕು ದಿನ ಬಿಟ್ಟರೂ ಮೆತ್ತಗೇ ಇರಬಹುದು. ಉಪ್ಪು ಜಾಸ್ತಿ ಹಾಕಿದ ಸೋಪು ತೆಂಗಿನೆಣ್ಣೆಯದ್ದಕ್ಕಿಂತಲೂ ಬೇಗ ಕಲ್ಲಾಗುತ್ತದೆ. ಅದನ್ನು ಕುಯ್ಯುವ ಗೋಜಿಗೇ ಹೋಗಬೇಡಿ, ಒಂದೊಂದೇ ಬಾರ್ ಬರುವ ಸಿಲಿಕಾನ್ ಅಚ್ಚಿಗೆ ಹಾಕಿಬಿಡಿ.

ಗಂಟೆ ಲೆಕ್ಕ ಬರೀ ಅಂದಾಜು. ಎಷ್ಟು ನೀರು ಹಾಕಿದಿರಿ, ಅಚ್ಚು ಮರದ್ದೋ ಸಿಲಿಕಾನಿನದ್ದೋ, ಮೇಲೆ ಟವಲ್ ಹೊದಿಸಿದ್ದಿರಾ, ಅವತ್ತು ಮಂಗಳೂರಿನ ಸೆಕೆಯೋ ಬೆಂಗಳೂರಿನ ಜನವರಿಯೋ, ಎಲ್ಲದರ ಮೇಲೂ ಹೆಚ್ಚುಕಡಿಮೆ ಆಗುತ್ತದೆ. ಬೆರಳನ್ನೇ ನಂಬಿ. ಗ್ಲೌಸ್ ಹಾಕಿಕೊಂಡು ಲೋಫಿನ (ಅಚ್ಚಿನಲ್ಲಿ ಇಡಿಯಾಗಿ ಗಟ್ಟಿಯಾದ, ಇನ್ನೂ ಕುಯ್ಯದ ಸೋಪಿನ) ಮೂಲೆಯನ್ನು ಒತ್ತಿ ನೋಡಿ. ಬೆರಳಿಗೆ ಅಂಟಿದರೆ ಇನ್ನೂ ಬೇಗ. ಅಂಟದೆ ಸಣ್ಣ ಗುರುತು ಮಾತ್ರ ಬಿದ್ದರೆ ಸರಿಯಾದ ಹೊತ್ತು. ಒತ್ತಿದರೂ ಗುರುತೇ ಬೀಳುತ್ತಿಲ್ಲ ಅಂದರೆ ತಡಮಾಡಬೇಡಿ, ತಕ್ಷಣ ಕುಯ್ಯಿರಿ. ಗ್ಲೌಸ್ ಯಾಕೆ ಅಂದರೆ, ಹೊಸ ಸೋಪಿನಲ್ಲಿ ಕಾಸ್ಟಿಕ್ ಇನ್ನೂ ಪೂರ್ತಿ ಸೋಪಾಗಿ ಬದಲಾಗಿರುವುದಿಲ್ಲ, ಕೈ ಉರಿಯುತ್ತದೆ.

ಈಗ ಚಾಕು ಯಾಕೆ ಸೀಳುತ್ತದೆ ನೋಡೋಣ. ಚಾಕುವಿನ ಅಂಚು ಎಷ್ಟೇ ಹರಿತ ಇದ್ದರೂ ಅದರ ಬೆನ್ನು ಒಂದೂವರೆ, ಎರಡು ಮಿಲಿಮೀಟರ್ ದಪ್ಪ ಇರುತ್ತದೆ. ಒಳಗೆ ಇಳಿಯುತ್ತ ಇಳಿಯುತ್ತ ಅದು ಸೋಪನ್ನು ಎರಡೂ ಕಡೆಗೆ ತಳ್ಳುತ್ತದೆ. ಸೋಪು ಮೆತ್ತಗಿದ್ದರೆ ಜರುಗಿ ಜಾಗ ಕೊಡುತ್ತದೆ, ಗಟ್ಟಿಯಾಗಿದ್ದರೆ ಜರುಗಲಾರದೆ ಸೀಳುತ್ತದೆ. ನಿಮ್ಮದು ಅರ್ಧ ಇಳಿದ ಮೇಲೆ ಟಕ್ ಅನ್ನೋದು ಇದೇ ಕಾರಣಕ್ಕೆ. ಬಾರ್ ಒಂದು ಕಡೆ ದಪ್ಪ ಆಗುವುದಕ್ಕೆ ಕಾರಣ ಬೇರೆ, ಕೈಯಲ್ಲಿ ಹಿಡಿದ ಚಾಕು ಮೇಲೆ ನೇರ ಕಂಡರೂ ಕೆಳಗೆ ಹೋಗುತ್ತ ವಾಲುತ್ತದೆ, ಎಂಥ ಪಳಗಿದ ಕೈಯಾದರೂ ಸರಿ.

ಹಾಗಂತ ಚಾಕು ಬೇಡವೇ ಬೇಡ ಅಂತಲ್ಲ. ಸಿದ್ಧವಾಗಿ ಸಿಗುವ ಸೋಪ್ ಬೇಸ್ ಕರಗಿಸಿ ಸುರಿಯುವ ಗ್ಲಿಸರಿನ್ ಸೋಪಿಗೆ ತೆಳ್ಳಗಿನ, ಉದ್ದದ, ಹಲ್ಲಿಲ್ಲದ ಚಾಕುವೇ ಒಳ್ಳೆಯದು. ಅದು ರಬ್ಬರಿನ ಹಾಗೆ ಎಳೆದಾಡುವುದರಿಂದ ತಂತಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಗರಗಸದ ಹಾಗೆ ಹಿಂದೆ ಮುಂದೆ ಎಳೆಯದೆ ನೇರ ಕೆಳಗೆ ಒತ್ತಿ, ಅಷ್ಟೇ.

ಚಾಕುವಿಗಿಂತ ಒಂದು ಮೆಟ್ಟಿಲು ಮೇಲೆ ಅಂದರೆ ಬೇಕರಿಯವರು ಹಿಟ್ಟು ತುಂಡು ಮಾಡುವ ಸ್ಟೀಲ್ ಸ್ಕ್ರೇಪರ್. ಕೇಕ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಅಗಲ ಇರುವುದರಿಂದ ಲೋಫಿನ ಈ ಬದಿಯಿಂದ ಆ ಬದಿಗೆ ಒಂದೇ ಸಲಕ್ಕೆ ಇಳಿಯುತ್ತದೆ, ಎರಡೂ ಕೈಯಲ್ಲಿ ಒತ್ತಬಹುದು. ತಿಂಗಳಿಗೆ ಒಂದೋ ಎರಡೋ ಲೋಫ್ ಮಾಡಿ ಮನೆಗೆ, ನೆಂಟರಿಗೆ ಕೊಡುವವರಿಗೆ ಇದು ಧಾರಾಳವಾಗಿ ಸಾಕು. ಅಲೆ ಅಂಚಿನ ಕಟರ್ ಕೂಡ ಇದರದ್ದೇ ಜಾತಿ. ನೋಡಲು ಚೆಂದ, ಕುಯ್ದ ಜಾಗದ ಸಣ್ಣಪುಟ್ಟ ಗೀರು ಅಲೆಯಲ್ಲಿ ಮುಚ್ಚಿಹೋಗುತ್ತದೆ. ಆದರೆ ಗಟ್ಟಿ ಸೋಪಿಗೆ ಅದು ಚಾಕುವಿಗಿಂತ ಕಷ್ಟ, ಅಲೆಯ ಒಂದೊಂದು ತಿರುವಿನಲ್ಲೂ ತಡೆ ಬರುತ್ತದೆ. ನಾಲ್ಕು ಸ್ನಾನಕ್ಕೆ ಆ ಅಲೆಯೂ ಸವೆದು ಮಾಯ. ಫೋಟೋಗೆ ಬೇಕಾದರೆ ತಗೊಳ್ಳಿ.

ನಾನು ಯಾರೇ ಕೇಳಿದರೂ ಹೇಳುವುದು ಒಂಟಿ ತಂತಿ. ಅರ್ಧ ಮಿಲಿಮೀಟರ್ ದಪ್ಪದ ತಂತಿಗೆ ಬೆನ್ನೇ ಇಲ್ಲ, ಹಾಗಾಗಿ ಸೋಪನ್ನು ಪಕ್ಕಕ್ಕೆ ತಳ್ಳುವ ಮಾತೂ ಇಲ್ಲ. ಕುಯ್ದ ಮುಖ ನುಣ್ಣಗೆ ಬರುತ್ತದೆ. ಇದಕ್ಕೆ ದುಡ್ಡೂ ಹೆಚ್ಚು ಬೇಡ, ಮನೆಯಲ್ಲಿ ಕಬ್ಬಿಣ ಕುಯ್ಯುವ ಹ್ಯಾಕ್ಸಾ ಫ್ರೇಮ್ ಇದ್ದರೆ ಅರ್ಧ ಕೆಲಸ ಮುಗಿಯಿತು. ಬ್ಲೇಡ್ ಬಿಚ್ಚಿ. ಅದೇ ಎರಡು ಗೂಟಗಳಿಗೆ ತಂತಿಯ ತುದಿಗಳನ್ನು ಕುಣಿಕೆ ಮಾಡಿ ಸಿಕ್ಕಿಸಿ, ಕುಣಿಕೆಯ ಬಾಲವನ್ನು ಇಕ್ಕಳದಲ್ಲಿ ಐದಾರು ಸುತ್ತು ಹುರಿ ಮಾಡಿ. ಆಮೇಲೆ ರೆಕ್ಕೆ ಇರುವ ನಟ್ಟನ್ನು ತಿರುಗಿಸಿ ಬಿಗಿ ಮಾಡಿ. ತಂತಿಯನ್ನು ಬೆರಳಲ್ಲಿ ಮೀಟಿ ನೋಡಿ, ಟಿಣ್ ಅಂತ ನಾದ ಬಂದರೆ ಸರಿ. ಡಬ್ ಅಂದರೆ ಇನ್ನೂ ಸಡಿಲ ಇದೆ, ಸಡಿಲ ತಂತಿ ಸೋಪಿನ ಮಧ್ಯದಲ್ಲಿ ಹಿಂದೆ ಉಳಿದು, ಅಂಚು ಮುಂದೆ ಹೋಗಿ, ಬಾರಿನ ಮುಖ ಬಾಗುತ್ತದೆ. ಒಂದು ಅಳತೆ ಮಾತ್ರ ಮೊದಲೇ ನೋಡಿಕೊಳ್ಳಿ: ತಂತಿಯಿಂದ ಫ್ರೇಮಿನ ಮೇಲಿನ ಕಂಬಿಯವರೆಗಿನ ಜಾಗ ನಿಮ್ಮ ಲೋಫಿನ ಎತ್ತರಕ್ಕಿಂತ ಜಾಸ್ತಿ ಇರಬೇಕು, ಇಲ್ಲಾಂದ್ರೆ ತಂತಿ ತಳ ಮುಟ್ಟುವ ಮೊದಲೇ ಫ್ರೇಮ್ ಸೋಪಿನ ತಲೆಗೆ ಬಡಿಯುತ್ತದೆ.

ತಂತಿ ಎಲ್ಲಿಂದ ತರೋದು? ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಂತಿ ಕೇಳಿ, ಸಿಗದಿದ್ದರೆ ಸಂಗೀತ ವಾದ್ಯಗಳ ಅಂಗಡಿಗೆ ಹೋಗಿ ಗಿಟಾರಿನ ಸಾದಾ ಸ್ಟೀಲ್ ತಂತಿ ತಗೊಳ್ಳಿ. ಸಾದಾ ಅನ್ನೋದನ್ನು ಒತ್ತಿ ಹೇಳಿ. ದಪ್ಪ ಸ್ವರದ ತಂತಿಗಳ ಮೇಲೆ ಇನ್ನೊಂದು ತೆಳು ತಂತಿ ಸುತ್ತಿರುತ್ತದೆ, ಅದರಲ್ಲಿ ಕುಯ್ದರೆ ಬಾರಿನ ಮೇಲೆಲ್ಲ ಗೀರು, ಸುತ್ತಿನ ಸಂದಿಯಲ್ಲೆಲ್ಲ ಸೋಪು. ತೀರಾ ತೆಳುವಾದ ತಂತಿಯೂ ಬೇಡ, ಮೊದಲನೇ ತಂತಿ ಕಾಲು ಮಿಲಿಮೀಟರ್ ಆಸುಪಾಸು ಇರುತ್ತದೆ, ಸ್ವಲ್ಪ ಗಟ್ಟಿ ಸೋಪು ಸಿಕ್ಕಿದರೆ ಕಿತ್ತುಹೋಗುತ್ತದೆ. ಬಿಗಿ ಮಾಡಿದ ತಂತಿ ಕಿತ್ತರೆ ಮುಖಕ್ಕೇ ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಮೀನಿನ ಗಾಳದ ನೈಲಾನ್ ದಾರ, ಹಲ್ಲಿನ ಫ್ಲಾಸ್ ಇವೆಲ್ಲ ಮೆತ್ತನೆ ಸೋಪಿಗೆ ನಡೆಯುತ್ತವೆ, ಗಟ್ಟಿಯಾದದ್ದಕ್ಕೆ ಹಿಗ್ಗಿ ಕೈಕೊಡುತ್ತವೆ.

ಲೋಹದ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಹತ್ತಿರಕ್ಕೂ ಬೇಡ, ಕಾಸ್ಟಿಕ್ ಅದನ್ನು ತಿನ್ನುತ್ತದೆ. ತಾಮ್ರ, ಹಿತ್ತಾಳೆ ತಂತಿಯೂ ಬೇಡ. ತಾಮ್ರ ತಾಗಿದ ಎಣ್ಣೆ ಬೇಗ ಕಮಟುತ್ತದೆ, ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು ಏಳುತ್ತವೆ. ತುಕ್ಕು ಹಿಡಿದ ಕಬ್ಬಿಣದ್ದೂ ಇದೇ ಕಥೆ, ಹಾಗಾಗಿ ಅಜ್ಜಿಯ ಈಳಿಗೆಮಣೆ ಎಷ್ಟೇ ಹರಿತ ಇದ್ದರೂ ಅದನ್ನು ಹಲಸಿನಕಾಯಿಗೇ ಬಿಡಿ. ಅದರ ಬಾಗಿದ ಅಲಗಿನಲ್ಲಿ ನೇರ ಗೆರೆ ಬರುವುದೂ ಇಲ್ಲ. ಗಿಟಾರ್ ತಂತಿಗೂ ಕ್ರಮೇಣ ತುಕ್ಕು ಬರುತ್ತದೆ, ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಿ ಇಡಿ, ಕಪ್ಪಾದರೆ ಬದಲಾಯಿಸಿ.

ಈಗ ದಪ್ಪ-ತೆಳುವಿನ ತೊಂದರೆ. ತಂತಿ ತಂದ ಮಾತ್ರಕ್ಕೆ ಇದು ಹೋಗುವುದಿಲ್ಲ, ಕೈಯ ವಾಲು ಕೈಯಲ್ಲೇ ಇರುತ್ತದೆ. ಅದಕ್ಕೆ ಬೇಕಾದ್ದು ಬಡಗಿಗಳ ಹತ್ತಿರ ಇರುವ ಮೈಟರ್ ಬಾಕ್ಸ್‌ನಂಥ ಪೆಟ್ಟಿಗೆ: ಒಂದು ತಳ, ಎರಡು ಬದಿ, ಎರಡು ಬದಿಯಲ್ಲೂ ಎದುರುಬದುರು ನೇರ ಸೀಳು. ಹತ್ತಿರದ ಬಡಗಿಗೆ ನಿಮ್ಮ ಲೋಫಿನ ಅಗಲ ಹೇಳಿ, ಎರಡು ಮೂರು ಮಿಲಿಮೀಟರ್ ಸಡಿಲ ಇಟ್ಟು ಮಾಡಿಸಿಕೊಳ್ಳಿ. ಸೀಳು ತಳದ ಹಲಗೆಗೂ ಒಂಚೂರು ಇಳಿದಿರಲಿ, ಆಗಲೇ ತಂತಿ ಸೋಪನ್ನು ಪೂರ್ತಿ ದಾಟುತ್ತದೆ. ಸೀಳಿನಿಂದ ಎರಡೂವರೆ ಸೆಂಟಿಮೀಟರ್ ಆಚೆ ಒಂದು ಮರದ ತುಂಡನ್ನು ತಡೆಯಾಗಿ ಇಟ್ಟರೆ, ಲೋಫನ್ನು ಅದಕ್ಕೆ ತಾಗಿಸಿ ಕುಯ್ಯುವುದು, ತಳ್ಳುವುದು, ಮತ್ತೆ ಕುಯ್ಯುವುದು. ಎಲ್ಲ ಬಾರೂ ಒಂದೇ ದಪ್ಪ. ತೀರಾ ಗಟ್ಟಿಯಾಗಿಬಿಟ್ಟ ಲೋಫ್ ಇದ್ದರೆ ಮೊದಲು ಅದನ್ನು ಮೆಲ್ಲಗೆ ಬೆಚ್ಚಗೆ ಮಾಡಿ ನೋಡಿ, ಆದರೂ ಬಗ್ಗದಿದ್ದರೆ ತುರಿದು ಬಟ್ಟೆ ಒಗೆಯಲು ಇಟ್ಟುಕೊಳ್ಳಿ, ತೆಂಗಿನೆಣ್ಣೆ ಸೋಪು ಆ ಕೆಲಸಕ್ಕೆ ಭೇಷ್.

ದಪ್ಪದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ಮನೆಗಾದರೆ ಬೇಡ. ಮಾರುವವರಿಗೆ ಬೇಕು. ಲೆಕ್ಕ ಹಾಕಿ: ಲೋಫಿನ ಮುಖ 8 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರ ಇದ್ದರೆ 2.5 ಸೆಂಟಿಮೀಟರ್ ದಪ್ಪದ ಬಾರಿಗೆ ಹೆಚ್ಚುಕಡಿಮೆ 120 ಗ್ರಾಂ ಬರುತ್ತದೆ. ಕೈ 3 ಮಿಲಿಮೀಟರ್ ಆಚೀಚೆ ಆದರೆ 14 ಗ್ರಾಂ ಹೋಯಿತು. ಅದರ ಮೇಲೆ ನಾಲ್ಕರಿಂದ ಆರು ವಾರ ಒಣಗುವಾಗ ನೀರು ಆರಿ ಇನ್ನಷ್ಟು ತೂಕ ಇಳಿಯುತ್ತದೆ. ಪೊಟ್ಟಣದ ಮೇಲೆ 100 ಗ್ರಾಂ ಅಂತ ಬರೆದ ಮೇಲೆ ಒಳಗೆ ಅಷ್ಟು ಇರಲೇಬೇಕು, 2011ರ ಪೊಟ್ಟಣ ಸರಕುಗಳ ನಿಯಮ ಅದನ್ನೇ ಹೇಳುತ್ತದೆ. ಮಾರಾಟಕ್ಕೆ ಸೋಪು ಮಾಡಲು ಲೈಸೆನ್ಸೂ ಬೇಕು, ಅದು ಬೇರೆಯೇ ದೊಡ್ಡ ಕಥೆ, ಇನ್ನೊಮ್ಮೆ.

ಸೋಪಿನೊಳಗೆ ಏನಾದರೂ ಹಾಕುವವರಿಗೆ ಒಂದು ಮಾತು. ಕಾಫಿ ಪುಡಿ, ಓಟ್ಸ್, ಒಣ ಗುಲಾಬಿ ಪಕಳೆ ಇದ್ದರೆ ತಂತಿ ಅವುಗಳನ್ನು ಎಳೆದುಕೊಂಡು ಹೋಗಿ ಮುಖದ ಮೇಲೆ ಗೀರು ಬಿಡುತ್ತದೆ. ಪಕಳೆ ಮೇಲ್ಭಾಗದಲ್ಲಿ ಉದುರಿಸಿದ್ದರೆ ಲೋಫನ್ನು ಪಕ್ಕಕ್ಕೆ ಮಲಗಿಸಿ ಕುಯ್ಯಿರಿ, ಆಗ ಪಕಳೆ ಮೇಲಿನಿಂದ ಕೆಳಗಿನವರೆಗೆ ಎಳೆದುಕೊಂಡು ಬರುವುದಿಲ್ಲ, ಗೀರು ಬಿದ್ದರೂ ಮೇಲಂಚಿನಲ್ಲೇ ನಿಲ್ಲುತ್ತದೆ. ಒಳಗೆಲ್ಲ ಕಲಸಿದ್ದರೆ ನುಣ್ಣಗೆ ಪುಡಿ ಮಾಡಿಯೇ ಹಾಕಬೇಕು, ಬೇರೆ ದಾರಿ ಇಲ್ಲ. ಲಾವಂಚದ ಬೇರು, ಹೀರೆಕಾಯಿ ನಾರು ಇಟ್ಟ ಸೋಪಿಗೆ ತಂತಿ ಹಿಡಿಯಲೇಬೇಡಿ, ನಾರಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಅಲ್ಲಿ ಹಲ್ಲಿರುವ ಬ್ರೆಡ್ ಚಾಕುವೇ ಸರಿ, ಮುಖ ಸ್ವಲ್ಪ ಒರಟಾದರೆ ಆಗಲಿ.

ಕುಯ್ದ ಬಾರಿನ ಚೂಪು ಅಂಚುಗಳನ್ನು ತರಕಾರಿ ಸಿಪ್ಪೆ ತೆಗೆಯುವ ಪೀಲರ್‌ನಲ್ಲಿ ಒಂದೊಂದು ಎಳೆ ಎಳೆದರೆ ಕೈಗೆ ಚುಚ್ಚುವುದಿಲ್ಲ, ಅಂಗಡಿ ಸೋಪಿನ ಅಂದವೂ ಬರುತ್ತದೆ. ಒಂದೆರಡು ದಿನ ಬಿಟ್ಟು, ಮೇಲ್ಮೈ ಆರಿದ ಮೇಲೆ ಮಾಡಿ.

ಇನ್ನು ಹತ್ತು ತಂತಿಯ ಕಟರ್. ಒಂದೇ ಸಲಕ್ಕೆ ಇಡೀ ಲೋಫ್ ಬಾರುಗಳಾಗಿ ಬೀಳುವುದು ನೋಡಲು ಖುಷಿಯೇ. ಆದರೆ ಹತ್ತು ತಂತಿ ಒಟ್ಟಿಗೆ ಇಳಿಯಬೇಕಾದರೆ ಹತ್ತು ಪಟ್ಟು ತಡೆ, ಸೋಪು ಸ್ವಲ್ಪ ಗಟ್ಟಿಯಾಗಿದ್ದರೂ ಹಿಡಿ ಕೆಳಗೆ ಬರುವುದಿಲ್ಲ. ನಿಮ್ಮಂಥ ತೆಂಗಿನೆಣ್ಣೆಯವರಿಗೆ ಅದಕ್ಕೇ ಬೇಡ ಅನ್ನುತ್ತಿದ್ದೇನೆ. ದಪ್ಪವೂ ಅದರಲ್ಲಿ ಖಾಯಂ, ನಾಳೆ ಸಣ್ಣ ಬಾರ್ ಬೇಕು ಅಂದರೆ ಆಗಲ್ಲ. ವಾರಕ್ಕೆ ಹಲವು ಲೋಫ್, ಅದೂ ಎಣ್ಣೆ ಬೆರಸಿ ಮಾಡುವವರಾದರೆ ದುಡ್ಡು ವಸೂಲಾಗುತ್ತದೆ. ಆರ್ಡರ್ ಮಾಡುವ ಮೊದಲು ನಿಮ್ಮ ಅಚ್ಚಿನ ಒಳಗಿನ ಅಗಲ, ಎತ್ತರ, ಉದ್ದ ಅಳೆದು ಕಟರಿನ ತಟ್ಟೆಯ ಅಳತೆಗೆ ಹೋಲಿಸಿ, ಸಿಲಿಕಾನ್ ಅಚ್ಚಾದರೆ ಸುರಿದ ಮೇಲೆ ಬದಿ ಉಬ್ಬುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಡಿ ತಂತಿ ಬೇರೆ ಸಿಗುತ್ತದಾ ಅಂತ ಮಾರುವವರನ್ನು ಕೇಳಿ. ಸಿಗಲ್ಲ ಅಂದರೆ ಅದನ್ನು ಬಿಟ್ಟು ಮುಂದಿನದ್ದನ್ನು ನೋಡಿ.