ಪದ ಪರಿಚಯ: ‘ಅನುಷ್ಠಾನ’, ಸ್ವಂತ ಸರ್ವರ್‌ನಲ್ಲಿ ಮತ್ತು ಕ್ಲೌಡ್‌ನಲ್ಲಿ

ಲೆಕ್ಕಪತ್ರ, ದಾಸ್ತಾನು, ಖರೀದಿ, ವೇತನಗಳನ್ನು ಒಂದೇ ಕಡೆ ನಿಭಾಯಿಸುವ ಇಆರ್‌ಪಿಯಂತಹ ತಂತ್ರಾಂಶವನ್ನು ಕೊಂಡ ದಿನದಿಂದ, ಸಿಬ್ಬಂದಿ ಅದರಲ್ಲಿ ಮೊದಲ ನಿಜವಾದ ಬಿಲ್ ಮಾಡುವ ‘ಗೋ-ಲೈವ್’ ದಿನದವರೆಗಿನ ಕೆಲಸವನ್ನೆಲ್ಲ ‘ಇಂಪ್ಲಿಮೆಂಟೇಶನ್’ ಅಥವಾ ಅನುಷ್ಠಾನ ಎನ್ನುತ್ತಾರೆ. ಪದ ಒಂದೇ ಆದರೂ ತಂತ್ರಾಂಶ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ಅದರ ಅರ್ಥ ಗಣನೀಯವಾಗಿ ಬದಲಾಗುತ್ತದೆ.

ತಂತ್ರಾಂಶವು ಅದನ್ನು ಕೊಂಡ ಸಂಸ್ಥೆಯ ಸ್ವಂತ ಸರ್ವರ್‌ನಲ್ಲೇ ನಡೆಯುವುದು ‘ಆನ್-ಪ್ರೆಮಿಸ್’ ಪದ್ಧತಿ. 1992ರಲ್ಲಿ ಬಂದ ಎಸ್‌ಎಪಿ ಆರ್/3 ಎಂಬ ಇಆರ್‌ಪಿ ತಂತ್ರಾಂಶ ಇದರ ಪ್ರಸಿದ್ಧ ಮಾದರಿ. ಇಲ್ಲಿ ಯಂತ್ರ, ಡೇಟಾಬೇಸ್, ಬ್ಯಾಕಪ್ ಎಲ್ಲವೂ ಸಂಸ್ಥೆಯ ಹೊಣೆ. ತಂತ್ರಾಂಶವನ್ನು ತನಗೆ ಬೇಕಾದಂತೆ ತಿದ್ದಿಸಿಕೊಳ್ಳುವ ಅವಕಾಶವೂ ಸಾಮಾನ್ಯವಾಗಿ ಹೆಚ್ಚು. ಹಾಗೆ ತಿದ್ದಿದ ಪ್ರತಿಯೊಂದು ಭಾಗವನ್ನೂ ಹೊಸ ಆವೃತ್ತಿ ಬಂದಾಗ ಮತ್ತೆ ಪರೀಕ್ಷಿಸಬೇಕಾದ್ದರಿಂದ, ಅಪ್‌ಗ್ರೇಡ್ ಅನ್ನು ವರ್ಷಗಟ್ಟಲೆ ಮುಂದೂಡುವ ಸಂಸ್ಥೆಗಳು ಕಡಿಮೆಯೇನಲ್ಲ.

ಕ್ಲೌಡ್‌ನಲ್ಲಿ, ಅದರಲ್ಲೂ ಸೇವಾದಾರರ ಸರ್ವರ್‌ನಲ್ಲಿರುವ ತಂತ್ರಾಂಶವನ್ನು ಚಂದಾ ಕಟ್ಟಿ ಇಂಟರ್ನೆಟ್ ಮೂಲಕ ಬಳಸುವ ‘ಸಾಸ್’ ಮಾದರಿಯಲ್ಲಿ, ಸರ್ವರ್‌ನ ಚಿಂತೆ ಸೇವಾದಾರರದು. ಲಾಗಿನ್ ಕೈಗೆ ಬರಲು ಹೆಚ್ಚು ದಿನ ಬೇಕಿಲ್ಲ. ಇಷ್ಟಕ್ಕೇ ಅನುಷ್ಠಾನ ಮುಗಿಯಿತೆಂದು ತಿಳಿಯುವುದು ಬಹು ಸಾಮಾನ್ಯವಾದ ತಪ್ಪು. ಹಲವು ಗ್ರಾಹಕರು ಒಂದೇ ಆವೃತ್ತಿಯನ್ನು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಮೂಲ ಕೋಡ್ ಮುಟ್ಟುವಂತಿಲ್ಲ. ಕೊಟ್ಟಿರುವ ಆಯ್ಕೆಗಳನ್ನು ಹೊಂದಿಸಿಕೊಳ್ಳುವ ‘ಕಾನ್ಫಿಗರೇಶನ್’ ಸಾಲದಿದ್ದರೆ, ವಿಸ್ತರಣೆಗಳನ್ನು ಹೊರಗಿನಿಂದ ಜೋಡಿಸಬೇಕು.

ಒಂದು ಖರೀದಿ ಆದೇಶಕ್ಕೆ ಐದು ಸಹಿ ಬೇಕಾದ ಸಂಸ್ಥೆಯನ್ನು ಊಹಿಸಿಕೊಳ್ಳಿ. ಸ್ವಂತ ಸರ್ವರ್ ಇದ್ದಲ್ಲಿ ಪ್ರೋಗ್ರಾಮರ್ ಆ ಐದು ಹಂತಗಳನ್ನೂ ಹಾಗೆಯೇ ಬರೆದುಕೊಡುತ್ತಿದ್ದ. ಕ್ಲೌಡ್ ಯೋಜನೆಯಲ್ಲಿ, ಸಂಸ್ಥೆಯ ಕೆಲಸವನ್ನು ತಂತ್ರಾಂಶದ ಸಿದ್ಧ ಕ್ರಮಕ್ಕೆ ಹೊಂದಿಸಿ ನೋಡುವ ‘ಫಿಟ್-ಟು-ಸ್ಟ್ಯಾಂಡರ್ಡ್’ ಸಭೆಯಲ್ಲಾದರೋ ಸಲಹೆಗಾರ ಮೊತ್ತದ ಮಿತಿಗೆ ತಕ್ಕಂತೆ ಒಂದೋ ಎರಡೋ ಅನುಮೋದನೆ ಪಡೆಯುವ ಸಿದ್ಧ ಕ್ರಮವನ್ನು ತೋರಿಸಿ, ಮೂರನೆಯ ಸಹಿ ಏಕೆ ಬೇಕೆಂದು ಕೇಳುತ್ತಾನೆ. ಉತ್ತರ ಕೊಡಬೇಕಾದವರು ಐಟಿ ವಿಭಾಗದವರಲ್ಲ, ಖರೀದಿ ವಿಭಾಗದವರು. ನಿಯಮಕ್ಕೆ ತಕ್ಕಂತೆ ತನ್ನ ನಡೆಯನ್ನು ರೂಢಿಸಿಕೊಳ್ಳುವುದು ಎಂಬ ‘ಅನುಷ್ಠಾನ’ದ ಹಳೆಯ ಅರ್ಥ ಕ್ಲೌಡ್‌ಗೇ ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುವುದು ಇದಕ್ಕಾಗಿಯೇ.

ಎರಡರಲ್ಲೂ ಹಗುರವಾಗದ ಕೆಲಸವೆಂದರೆ ದತ್ತಾಂಶದ ವರ್ಗಾವಣೆ. ಒಬ್ಬನೇ ಪೂರೈಕೆದಾರ ಹಳೆಯ ಕಡತದಲ್ಲಿ ಒಮ್ಮೆ ‘ಕಂಪನಿ’ ಎಂದೂ ಒಮ್ಮೆ ‘ಕಂ.’ ಎಂದೂ ಇನ್ನೊಮ್ಮೆ ಕಾಗುಣಿತ ತಪ್ಪಿದ ಹೆಸರಿನಲ್ಲೂ ದಾಖಲಾಗಿದ್ದರೆ, ಅವನಿಗೆ ಕೊಡಬೇಕಾದ ಬಾಕಿ ಮೂರು ಖಾತೆಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಯಾವುದನ್ನು ಉಳಿಸಿ ಯಾವುದನ್ನು ವಿಲೀನಗೊಳಿಸಬೇಕೆಂದು ಲೆಕ್ಕ ಬಲ್ಲವರೇ ಕುಳಿತು ತೀರ್ಮಾನಿಸಬೇಕು.

ವೆಚ್ಚದ ವಿಷಯದಲ್ಲಿ, ಸ್ವಂತ ಸರ್ವರ್‌ನ ಪದ್ಧತಿಗೆ ಆರಂಭದಲ್ಲೇ ದೊಡ್ಡ ಬಂಡವಾಳ ಬೇಕು. ಕ್ಲೌಡ್‌ಗೆ ಬಳಸುವಷ್ಟು ಕಾಲವೂ ಚಂದಾ ಕಟ್ಟಬೇಕು. ಕ್ಲೌಡ್‌ನ ಒಪ್ಪಂದವನ್ನಂತೂ ನಿಧಾನವಾಗಿ ಓದಬೇಕು. ಶೇ. 99.9ರಷ್ಟು ಲಭ್ಯತೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸೇವೆ ನಿಂತರೂ ಮಾತು ತಪ್ಪಿದಂತಲ್ಲ. ಆ ಗಂಟೆಗಳು ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನವೇ ಬರಬಹುದು. ಹೊಸ ಆವೃತ್ತಿಯ ದಿನಾಂಕವನ್ನೂ ಬಹುಮಟ್ಟಿಗೆ ಸೇವಾದಾರರೇ ಗೊತ್ತುಮಾಡುವುದರಿಂದ, ಪ್ರತಿ ಸಲವೂ ಪರೀಕ್ಷೆಗೆಂದು ಸಿಬ್ಬಂದಿಯ ಸಮಯವನ್ನು ಮೀಸಲಿಡಬೇಕು. ಚಂದಾ ನಿಲ್ಲಿಸಿದರೆ ದತ್ತಾಂಶ ಯಾವ ರೂಪದಲ್ಲಿ, ಎಷ್ಟು ದಿನಗಳೊಳಗೆ ಮರಳಿ ಸಿಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕು.