ಕಲ್ಲು ಹಳೆಯದೇ, ನಿಲ್ಲಿಸಿದ್ದು ಯಾವಾಗ?

ನನಗೆ ಬರುವ ಫೋಟೋಗಳಲ್ಲಿ ಮುಕ್ಕಾಲುಪಾಲು ಒಂದೇ ಥರ. ಹೊಲದ ನಡುವೆ ನಿಂತ ಒಂಟಿ ಕಲ್ಲು, ಮೈತುಂಬ ಕಲ್ಲುಹೂವು. ಕೆಳಗೊಂದು ಸಾಲು: 'ಸಾರ್, ಎಷ್ಟು ಹಳೇದು ನೋಡಿ. ಪ್ರಾಗಿತಿಹಾಸದ್ದೇ ಅಲ್ವಾ?'

ಹಳೆಯದೇ ಸ್ವಾಮಿ. ಗ್ರಾನೈಟ್ ಅಂದಮೇಲೆ ಕೋಟಿಗಟ್ಟಲೆ ವರ್ಷದ್ದು. ಅಡುಗೆಮನೆ ಕಟ್ಟೆಗೆ ಹಾಸಿದ ಗ್ರಾನೈಟೂ ಅಷ್ಟೇ ಹಳೆಯದು. ನನಗೆ ಬೇಕಾದದ್ದು ಅದನ್ನು ಎತ್ತಿ ನಿಲ್ಲಿಸಿದ ಕಾಲ.

ಕಲ್ಲುಹೂವಿನ ವಿಷಯಕ್ಕೆ ಬನ್ನಿ. ಬಂಡೆ ಬೇರೆಲ್ಲೋ ನೂರಾರು ವರ್ಷ ಬಿದ್ದಿತ್ತು ಅಂದುಕೊಳ್ಳಿ. ಹೋದ ವರ್ಷ ಯಾರೋ ಜೆಸಿಬಿಯಲ್ಲಿ ತಂದು ನೆಟ್ಟರು. ಕಲ್ಲುಹೂವೂ ಅದರ ಜೊತೆಗೇ ಬಂತು! ಅದಕ್ಕೇ ನಾನು ಮೊದಲು ಬುಡ ನೋಡುತ್ತೇನೆ. ಕಲ್ಲುಹೂವು ಮಣ್ಣಿನೊಳಕ್ಕೂ ಇಳಿದಿದ್ದರೆ ಅನುಮಾನ. ಬೆಳಕಿಲ್ಲದೆ ಅದು ಬೆಳೆಯುವುದಿಲ್ಲ. ಆದರೆ ಬುಡಕ್ಕೆ ಆಮೇಲೆ ಮಣ್ಣು ಬಂದು ಕೂತಿದ್ದರೂ ಹಾಗೇ ಕಾಣುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ. ಅಂಚಿನಲ್ಲಿ ಸಾಲಾಗಿ ಅರ್ಧ ಕೊಳವೆಯಂಥ ನುಣುಪು ಗುರುತುಗಳಿದ್ದರೆ ಡ್ರಿಲ್ ಹಾಕಿ ಸೀಳಿದ ಕಲ್ಲು. ಬಹುಮಟ್ಟಿಗೆ ಅಲ್ಲಿಗೆ ಮಾತು ಮುಗಿಯಿತು. ಹಳೇ ಕಲ್ಲನ್ನೇ ಯಾರೋ ಒಡೆಯಲು ನೋಡಿ ಬಿಟ್ಟಿರುವುದೂ ಉಂಟು.

ದನ ಮೈ ಉಜ್ಜಿಕೊಳ್ಳಲಿ ಅಂತ ನೆಟ್ಟ ಕಲ್ಲು, ಗಡಿ ಕಲ್ಲು, ತೋಟದ ಅಂದಕ್ಕೆ ನಿಲ್ಲಿಸಿದ್ದು, ಎಲ್ಲವೂ ಈ ಫೋಟೋಗಳಲ್ಲಿ ಬರುತ್ತವೆ.

ಹೀಗೆ ಮೋಸಹೋಗುವುದಕ್ಕೆ ತಜ್ಞರೇನೂ ಹೊರತಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿ 2018ರ ಕೊನೆಗೆ ಒಂದು ಶಿಲಾವೃತ್ತ 'ಸಿಕ್ಕಿತು'. ಒಂದು ದೊಡ್ಡ ಕಲ್ಲನ್ನು ಮಲಗಿಸಿ ಉಳಿದವನ್ನು ನಿಲ್ಲಿಸುವ, ಆ ಸೀಮೆಯದೇ ಮಾದರಿ. ಕಲ್ಲುಗಳು ಚಿಕ್ಕವು, ವೃತ್ತವೂ ಸಣ್ಣದು ಅನ್ನುವುದು ಕಣ್ಣಿಗೆ ಬಿದ್ದಿತ್ತು. ಆದರೂ ಸಾವಿರಾರು ವರ್ಷದ್ದೆಂದು ಸುದ್ದಿಯಾಯಿತು. 2019ರ ಜನವರಿಯಲ್ಲಿ ಆ ಜಮೀನಿನ ಹಿಂದಿನ ಮಾಲೀಕ ಬಾಯಿಬಿಟ್ಟ: 1990ರ ದಶಕದ ನಡುವೆ ತಾನೇ ಕಟ್ಟಿದ್ದು! ಆ ಪುಣ್ಯಾತ್ಮ ಸುಮ್ನಿದ್ದಿದ್ದರೆ ಅದು ಪ್ರಾಚೀನ ಶಿಲಾವೃತ್ತಗಳ ಪಟ್ಟಿಯಲ್ಲೇ ಉಳಿಯುತ್ತಿತ್ತೋ ಏನೋ.

ಹಾಗಾದರೆ ಕೊನೆಗೆ ತೀರ್ಮಾನ ಹೇಳುವುದು ಯಾವುದು? ಗುಳಿ. ಕಲ್ಲು ನೆಡಲು ತೋಡಿದ ಗುಳಿ, ಅದರ ಸಂದಿಗೆ ತುರುಕಿದ ಚಿಕ್ಕ ಕಲ್ಲುಗಳು, ಅವುಗಳ ನಡುವೆ ಸಿಕ್ಕಿಕೊಂಡ ಇದ್ದಿಲಿನ ಚೂರು. ಇದ್ದಿಲಿಗೆ ಕಾರ್ಬನ್ ಪರೀಕ್ಷೆ ಮಾಡಬಹುದು. ಇದ್ದಿಲಿಲ್ಲವಾ? ಬುಡದ ಮಣ್ಣಿನ ಹರಳುಗಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಅಳೆಯುವ ವಿಧಾನವೂ ಇದೆ. ಅದೂ ಗುಳಿಯನ್ನು ಯಾರೂ ಕೆದಕದೆ ಬಿಟ್ಟಿದ್ದರೆ ಮಾತ್ರ.

ಗುಳಿಯಲ್ಲಿ ಕಾಂಕ್ರೀಟ್ ಸಿಕ್ಕರೆ ನಕಲಿ ಅಂತ ಕುಣಿಯಬೇಡಿ. ಇಂಗ್ಲೆಂಡಿನ ಹೆಸರಾಂತ ಪ್ರಾಚೀನ ಶಿಲಾವೃತ್ತ ಸ್ಟೋನ್‌ಹೆಂಜ್‌ನ ಕೆಲವು ಕಲ್ಲುಗಳ ಬುಡದಲ್ಲೂ ಕಾಂಕ್ರೀಟ್ ಇದೆ. 1797ರಲ್ಲಿ ಬಿದ್ದುಹೋದ ಮೂರು ಕಲ್ಲುಗಳ ಕಮಾನನ್ನು ಅಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು 1958ರಲ್ಲಿ.

ಒಂದೇ ಕೋರಿಕೆ. ಫೋಟೋ ಚೆನ್ನಾಗಿ ಬರಲಿ ಅಂತ ತಂತಿ ಬ್ರಶ್ ಹಾಕಿ ಕಲ್ಲು ತಿಕ್ಕಬೇಡಿ, ಬುಡ ಅಗೆಯಲೂ ಬೇಡಿ. ಮೊದಲು ಜಮೀನಿನ ಹಳೇ ಮಾಲೀಕರಿಗೆ ಒಂದು ಫೋನ್ ಮಾಡಿ. ಅವರಿಗೂ ಗೊತ್ತಿಲ್ಲದಿದ್ದರೆ ಫೋಟೋ ಕಳಿಸಿ, ಬುಡದ್ದು ಜಾಸ್ತಿ ಇರಲಿ.