ಹೊಟ್ಟೆ ಒಳಗಿನ ಅಪರೂಪದ ಅನ್ಯೂರಿಸಂ: ನಾಳ ಮುಚ್ಚಿದ್ರೆ ರಕ್ತ ಯಾವ ಕಡೆಯಿಂದ ಹೋಗುತ್ತೆ?

ಪಿತ್ತಕೋಶದಲ್ಲಿ ಕಲ್ಲಿದ್ಯಾ ನೋಡೋಣ ಅಂತ ಸ್ಕ್ಯಾನ್ ಮಾಡಿಸಿದವರ ರಿಪೋರ್ಟ್‌ನಲ್ಲಿ ಕೆಲವು ಸಲ ಕಲ್ಲಿನ ಸುದ್ದಿನೇ ಇರಲ್ಲ, ಬದಲಿಗೆ "ಸ್ಪ್ಲೀನಿಕ್ ಆರ್ಟರಿ ಅನ್ಯೂರಿಸಂ" ಅಂತ ಒಂದು ಸಾಲು ಇರುತ್ತೆ. ಅಲ್ಲಿಂದ ಶುರು ಗಾಬರಿ. ಅನ್ಯೂರಿಸಂ ಅಂದ್ರೆ ಅಪಧಮನಿಯ ಗೋಡೆ ಒಂದು ಕಡೆ ಬಲ ಕಳ್ಕೊಂಡು ಹೊರಗೆ ಉಬ್ಬೋದು. ಮೆದುಳಿಂದು, ಅಯೋರ್ಟಾದ್ದು (ಹೃದಯದಿಂದ ಹೊರಡೋ ದೊಡ್ಡ ಅಪಧಮನಿ) ಜನ ಕೇಳಿರ್ತಾರೆ, ಆದ್ರೆ ಸ್ಪ್ಲೀನ್ (ಗುಲ್ಮ, ಹೊಟ್ಟೆಯ ಎಡಗಡೆ ಮೇಲಿರೋ ಅಂಗ), ಲಿವರ್, ಕರುಳಿಗೆ ರಕ್ತ ಒಯ್ಯೋ ನಾಳಗಳಲ್ಲಿ ಉಬ್ಬು ಬರೋದು ಅಪರೂಪ. ಹಾಗೆ ಬಂದದ್ರಲ್ಲಿ ಸುಮಾರು 60% ಸ್ಪ್ಲೀನ್ ನಾಳದ್ದೇ, 20% ಲಿವರ್ ನಾಳದ್ದು, ಉಳಿದದ್ದು ಚೂರುಪಾರು.

ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರೂ ಕೇಳೋದು ಎಷ್ಟು ಸೆಂಟಿಮೀಟರ್ ಅಂತ. ಅದು ಬೇಕು ನಿಜ, ಆದ್ರೆ ಈ ಕಾಯಿಲೆಯ ಇನ್ನೂರು ಚಿಲ್ಲರೆ ವರ್ಷದ ಕಥೆ ನೋಡಿದ್ರೆ ಸರ್ಜನ್‌ಗಳು ತಲೆ ಕೆಡಿಸ್ಕೊಂಡಿದ್ದು ಇನ್ನೊಂದು ಪ್ರಶ್ನೆಗೆ: ಈ ನಾಳಾನ ಮುಚ್ಚಿಬಿಟ್ರೆ ಮುಂದಿನ ಅಂಗಕ್ಕೆ ರಕ್ತ ಹೋಗೋಕೆ ಬಳಸುದಾರಿ ಇದ್ಯಾ?

ಇದು ಹೊಟ್ಟೆಯಿಂದ ಶುರುವಾದ ಪ್ರಶ್ನೆ ಅಲ್ಲ, ಕಾಲಿಂದ ಶುರುವಾಗಿದ್ದು. ಎರಡನೇ ಶತಮಾನದ ಗ್ರೀಕ್ ಸರ್ಜನ್ ಆಂಟಿಲಸ್, ಉಬ್ಬಿನ ಮೇಲೊಂದು ಕೆಳಗೊಂದು ದಾರ ಕಟ್ಟಿ, ಆಮೇಲೆ ಉಬ್ಬು ಕುಯ್ದು ಒಳಗಿನ ಹೆಪ್ಪು ತೆಗೀತಿದ್ದ. ಅರಿವಳಿಕೆ ಇಲ್ಲ, ಸೋಂಕಿಗೆ ಮದ್ದಿಲ್ಲ, ಊಹಿಸ್ಕೊಳ್ಳಿ. 18ನೇ ಶತಮಾನದ ಲಂಡನ್‌ನಲ್ಲಿ ಮಂಡಿ ಹಿಂದಿನ ನಾಳ ಉಬ್ಬಿದ್ರೆ ಕಾಲು ಕತ್ತರಿಸೋದೇ ವಾಸಿ ಅಂತ ಪರ್ಸಿವಲ್ ಪಾಟ್ ತರದ ದೊಡ್ಡ ಸರ್ಜನ್‌ಗಳೇ ಹೇಳ್ತಿದ್ರು. 1785ರ ಡಿಸೆಂಬರ್‌ನಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಜಾನ್ ಹಂಟರ್, 45 ವರ್ಷದ ಒಬ್ಬ ಸಾರೋಟು ಓಡಿಸೋನ ಮಂಡಿ ಉಬ್ಬನ್ನ ಮುಟ್ಟಲೇ ಇಲ್ಲ, ಅದರಿಂದ ದೂರ ಮೇಲೆ ತೊಡೆಯಲ್ಲಿ, ನಾಳ ಇನ್ನೂ ಗಟ್ಟಿಯಾಗಿದ್ದ ಜಾಗದಲ್ಲಿ ದಾರ ಕಟ್ಟಿದ. ಸುತ್ತಲಿನ ಸಣ್ಣ ನಾಳಗಳು ಹಿಗ್ಗಿ ಕಾಲಿಗೆ ರಕ್ತ ಮುಟ್ಟಿಸ್ತವೆ, ಉಬ್ಬಿನೊಳಗೆ ಹರಿವು ನಿಧಾನ ಆಗಿ ಹೆಪ್ಪುಗಟ್ಟಿ ಅದು ತಾನಾಗೇ ಕುಗ್ಗುತ್ತೆ ಅನ್ನೋದು ಅವನ ಲೆಕ್ಕ. ಲೆಕ್ಕ ಸರಿಹೋಯ್ತು, ಆ ಮನುಷ್ಯ ಕಾಲು ಉಳಿಸ್ಕೊಂಡು ಮತ್ತೆ ಸಾರೋಟು ಹತ್ತಿದ. ಸುಮಾರು 15 ತಿಂಗಳಾದ್ಮೇಲೆ ಬೇರೆ ಯಾವುದೋ ಜ್ವರದಲ್ಲಿ ತೀರ್ಕೊಂಡಾಗ ಹಂಟರ್ ಆ ಕಾಲನ್ನೂ ಪಡೆದು ಕುಯ್ದು ನೋಡಿದ (ಹಠ ಅಂದ್ರೆ ಅದು), ಅದು ಅವನ ಸಂಗ್ರಹಕ್ಕೆ ಸೇರಿಹೋಯ್ತು.

ಹೊಟ್ಟೆಯ ಉಬ್ಬುಗಳದ್ದು ಆಗ ಬೇರೆಯೇ ಗತಿ. ಸ್ಪ್ಲೀನ್ ನಾಳದ ಅನ್ಯೂರಿಸಂನ ಮೊದಲು ವರ್ಣಿಸಿದ್ದು ಬೋಸಿಯೇ ಅನ್ನೋ ವೈದ್ಯ, 1770ರಲ್ಲಿ, ಅದೂ ಹೆಣದಲ್ಲಿ ನೋಡಿ. ಆಮೇಲೂ ಬಹಳ ಕಾಲ ಇದು ಸತ್ತ ಮೇಲೆ ಗೊತ್ತಾಗೋ ಕಾಯಿಲೆಯಾಗೇ ಇತ್ತು, ಯಾಕಂದ್ರೆ ಒಡೆಯೋವರೆಗೂ ಸಾಮಾನ್ಯವಾಗಿ ಇದು ಏನೂ ತೋರಿಸ್ಕೊಳ್ಳಲ್ಲ. ಒಡೆಯೋ ರೀತಿನೂ ಮೋಸದ್ದು. ಕೆಲವರಲ್ಲಿ ಮೊದಲು ಜಠರದ ಹಿಂದಿನ ಸಣ್ಣ ಜಾಗಕ್ಕೆ ರಕ್ತ ಸೋರಿ ಅಲ್ಲೇ ಒತ್ತಡಕ್ಕೆ ನಿಲ್ಲುತ್ತೆ, ಬಿಪಿ ಸ್ವಲ್ಪ ಸುಧಾರಿಸುತ್ತೆ, ಸದ್ಯ ಬದುಕಿದ್ವಿ ಅನ್ನೋಷ್ಟರಲ್ಲಿ ಅಲ್ಲಿಂದ ಇಡೀ ಹೊಟ್ಟೆಗೆ ನುಗ್ಗುತ್ತೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ನಾಲ್ಕು ಪಟ್ಟು ಜಾಸ್ತಿ, ಹೆಚ್ಚು ಹೆರಿಗೆ ಆದವರಲ್ಲಿ ಇನ್ನೂ ಜಾಸ್ತಿ. ಬಸುರಿಯಲ್ಲಿ, ಅದ್ರಲ್ಲೂ ಕೊನೇ ಮೂರು ತಿಂಗಳಲ್ಲಿ ಒಡೆದ್ರೆ ತಾಯಿಯ ಸಾವಿನ ಪ್ರಮಾಣ 75% ತನಕ, ಮಗುವಿನದ್ದು 95% ತನಕ ಅಂತ ಹಳೇ ವರದಿಗಳು ಹೇಳ್ತವೆ.

ಚಾಕು ಬಿಟ್ಟು ಒಳಗಿಂದಲೇ ಉಬ್ಬು ತುಂಬೋ ಯೋಚನೆ ಹೊಸದೇನಲ್ಲ. 1864ರಲ್ಲಿ ಲಂಡನ್‌ನ ಚಾರ್ಲ್ಸ್ ಮೂರ್ ಎದೆಯ ಅಯೋರ್ಟಾದ ಉಬ್ಬಿಗೆ 26 ಗಜ ಕಬ್ಬಿಣದ ತಂತಿ ತೂರಿಸಿದ, ರೋಗಿ ಕೆಲವೇ ದಿನಗಳಲ್ಲಿ ಸೋಂಕಿನಿಂದ ಹೋದ. ಯೋಚನೆ ಸರಿಯಿತ್ತು, ಅದನ್ನ ಮಾಡೋ ಸಾಮಾನು ಇರ್ಲಿಲ್ಲ. 1953ರಲ್ಲಿ ಸ್ವೀಡನ್‌ನ ಸೆಲ್ಡಿಂಗರ್ ಸೂಜಿ, ಅದರೊಳಗೆ ತಂತಿ, ತಂತಿ ಮೇಲೆ ಕ್ಯಾಥೆಟರ್ (ತೆಳ್ಳಗಿನ ಕೊಳವೆ) ಅಂತ ನಾಳದೊಳಗೆ ಹೋಗೋ ಸುಲಭದ ದಾರಿ ತೋರಿಸಿದ, 1975ರಲ್ಲಿ ಜಿಯಾನ್‌ಟುರ್ಕೋ ಮತ್ತು ಜೊತೆಗಾರರು ಉಣ್ಣೆ ಎಳೆ ಸಿಕ್ಕಿಸಿದ ಸ್ಟೀಲ್ ಸುರುಳಿಯ ಬಗ್ಗೆ ಬರೆದ್ರು, ಇವತ್ತು ಕಾಯಿಲ್ ಅಂತ ಕರೆಯೋದರ ಹಿರಿಯ ಇದೇ.

ಈಗ ತೊಡೆಸಂದಿಂದಲೋ ಕೈಯಿಂದಲೋ ಕ್ಯಾಥೆಟರ್ ತೂರಿಸಿ ಹಾವಿನ ತರ ಡೊಂಕಾಗಿರೋ ಸ್ಪ್ಲೀನ್ ನಾಳದ ಒಳಗೆ ಹೋಗ್ತಾರೆ. ಇಲ್ಲಿ ಹಂಟರ್ ತರ ರಕ್ತ ಬರೋ ಕಡೆ ಮಾತ್ರ ಮುಚ್ಚಿದ್ರೆ ಸಾಲಲ್ಲ, ಯಾಕಂದ್ರೆ ಜಠರದ ಕಡೆಯಿಂದ ಬರೋ ಸಣ್ಣ ನಾಳಗಳು ಉಬ್ಬಿನ ಆಚೆ ಬದಿಯಿಂದ ರಕ್ತ ತುಂಬಿಸಿ ಉಬ್ಬನ್ನ ಮತ್ತೆ ಜೀವಂತ ಮಾಡ್ತವೆ. ಹಾಗಾಗಿ ಮೊದಲು ಉಬ್ಬಿನ ಆಚೆ, ಆಮೇಲೆ ಈಚೆ ಕಾಯಿಲ್ ಹಾಕಿ ಬರ್ತಾರೆ, ಅಂದ್ರೆ ಸುತ್ತಿ ಬಳಸಿ ಆಂಟಿಲಸ್‌ನ ಎರಡು ಕಟ್ಟಿಗೇ ವಾಪಸ್. ಆದ್ರೆ ಹಂಟರ್‌ನ ಋಣನೂ ಇದೆ, ಅದೇ ಸಣ್ಣ ನಾಳಗಳಿಂದಲೇ ಸ್ಪ್ಲೀನ್ ಬದುಕಿ ಉಳಿಯೋದು. ಒಂದಿಷ್ಟು ಭಾಗ ಸತ್ತು ಜ್ವರ, ಪಕ್ಕೆ ನೋವು ಬರಬಹುದು, ಆದ್ರೂ ಸ್ಪ್ಲೀನ್ ತೆಗೆದುಹಾಕಿ ಜೀವಮಾನ ಪೂರ್ತಿ ಸೋಂಕಿನ ಭಯ, ಲಸಿಕೆ ಅಂತ ಇರೋದಕ್ಕಿಂತ ವಾಸಿ ಅಂತ ನನಗನ್ನಿಸುತ್ತೆ. ಸ್ಪ್ಲೀನಿನ ಬಾಯಿಗೇ ಅಂಟ್ಕೊಂಡಿರೋ ಉಬ್ಬಿಗೆ, ಒಡೆದು ಬಿಪಿ ಬಿದ್ದುಹೋಗಿರೋರಿಗೆ ಇವತ್ತಿಗೂ ಹೊಟ್ಟೆ ತೆರೆಯಬೇಕಾಗಬಹುದು.

ಎಲ್ಲರಿಗೂ ಮಾಡ್ಬೇಕಾ? ಇಲ್ಲ. ಮೊದಲು 2 ಸೆಂ.ಮೀ ದಾಟಿದ್ರೆ ಮಾಡಿ ಅಂತಿದ್ರು, ಅಮೆರಿಕದ ಸೊಸೈಟಿ ಫಾರ್ ವ್ಯಾಸ್ಕುಲರ್ ಸರ್ಜರಿ 2020ರ ಮಾರ್ಗಸೂಚಿಯಲ್ಲಿ ಸ್ಪ್ಲೀನ್‌ದಕ್ಕೆ ಅದನ್ನ 3 ಸೆಂ.ಮೀಗೆ ಏರಿಸ್ತು. ಮಕ್ಕಳಾಗೋ ವಯಸ್ಸಿನ ಹೆಂಗಸರಿಗೆ ಮಾತ್ರ ಈ ಅಳತೆ ಲೆಕ್ಕಕ್ಕಿಲ್ಲ, ಎಷ್ಟೇ ಚಿಕ್ಕದಿದ್ರೂ ಮಾಡಿಸಿ ಅಂತ. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊತದಿಂದ ನಾಳದ ಗೋಡೆ ತಿಂದುಹೋಗಿ ಆಗೋ ಸೂಡೋ ಅನ್ಯೂರಿಸಂಗೂ ಅಷ್ಟೇ, ಕಾಯೋ ಮಾತಿಲ್ಲ.

ಲಿವರ್‌ದು ಸ್ವಲ್ಪ ಉದಾರ ಸ್ವಭಾವ, ಅದಕ್ಕೆ ಬಹುಪಾಲು ರಕ್ತ ಅಪಧಮನಿಯಿಂದಲ್ಲ, ಕರುಳಿಂದ ರಕ್ತ ತರೋ ಪೋರ್ಟಲ್ ವೇನ್‌ನಿಂದಲೇ ಬರುತ್ತೆ. ಸಣ್ಣ ಕರುಳಿನ ಮುಖ್ಯ ನಾಳ ಹಂಗಲ್ಲ, ಸುಮ್ಮನೆ ಮುಚ್ಚಿ ಬಂದ್ರೆ ಕರುಳು ಕಪ್ಪಾಗೋ ಅಪಾಯ. 1953ರಲ್ಲಿ ಅಮೆರಿಕದ ಸರ್ಜನ್‌ಗಳಾದ ಡಿಬೇಕಿ ಮತ್ತು ಕೂಲಿ ಸೋಂಕಿನಿಂದ ಉಬ್ಬಿದ ಅಂಥ ನಾಳದ ಭಾಗವನ್ನ ಕತ್ತರಿಸಿ ತೆಗೆದು ಗೆದ್ದಿದ್ದನ್ನ ವರದಿ ಮಾಡಿದ್ರು. ಈಗ ಸೋಂಕಿಲ್ಲದೆ ಜಾಗ ಒಪ್ಪಿದ್ರೆ ಬಟ್ಟೆ ಹೊದಿಸಿದ ಸ್ಟೆಂಟ್ ಇಟ್ಟು ಹರಿವು ಉಳಿಸ್ಕೊಂಡೇ ಉಬ್ಬನ್ನ ಹೊರಗೆ ಹಾಕ್ತಾರೆ.

ಎಲ್ಲಕ್ಕಿಂತ ತಲೆನೋವಿನದ್ದು ಪ್ಯಾಂಕ್ರಿಯಾಸ್ ಮತ್ತು ಡುವೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ನಡುವಿನ ಸಣ್ಣ ಕಮಾನು ನಾಳಗಳದ್ದು. ಲಿವರ್, ಸ್ಪ್ಲೀನ್‌ಗೆ ರಕ್ತ ಕೊಡೋ ಸೀಲಿಯಾಕ್ ನಾಳ ಬುಡದಲ್ಲೇ ಕಿರಿದಾದ್ರೆ ಆ ರಕ್ತವೆಲ್ಲ ಈ ಕಮಾನಿನ ಮೂಲಕ ಸುತ್ತಿ ಬರಬೇಕು, ವರ್ಷಗಟ್ಟಲೆ ಹೊರೆ ಹೊತ್ತು ಆ ಬಳಸುದಾರಿಯೇ ಉಬ್ಬುತ್ತೆ. ಸಟನ್ ಮತ್ತು ಲಾಟನ್ ಅನ್ನೋ ವೈದ್ಯರು 1973ರಲ್ಲಿ ಈ ನಂಟನ್ನ ಬರೆದಿಟ್ರು. ಇವು ಚಿಕ್ಕದಿದ್ದಾಗಲೂ ಒಡೆಯೋದ್ರಿಂದ ಅಳತೆ ನೋಡದೆ ಚಿಕಿತ್ಸೆ ಮಾಡ್ತಾರೆ, ಆದ್ರೆ ಕಾಯಿಲ್ ಹಾಕೋ ಮುಂಚೆ ಆಂಜಿಯೋಗ್ರಾಂನಲ್ಲಿ ಉಳಿದ ಕಮಾನುಗಳು ಲಿವರ್‌ಗೆ ಸಾಕಾಗ್ತವಾ ಅಂತ ನೋಡ್ಲೇಬೇಕು, ಸಾಕಾಗಲ್ಲ ಅಂದ್ರೆ ಮೊದಲು ಸೀಲಿಯಾಕ್ ನಾಳವನ್ನ ಒತ್ತಿಹಿಡಿದಿರೋ ಲಿಗಮೆಂಟ್ ಕತ್ತರಿಸಿಯೋ ಬೈಪಾಸ್ ಮಾಡಿಯೋ ರಕ್ತಕ್ಕೆ ದಾರಿ ಮಾಡ್ಕೊಟ್ಟು ಆಮೇಲೆ ಉಬ್ಬಿನ ಕಡೆ ಬರ್ತಾರೆ.